ಶಿಫ್ಟ್ ಕೆಲಸದವರು ತಪಸ್ಸುಕಾಲದ ಉಪವಾಸ ಮಾಡುವುದು ಹೇಗೆ?

ಕೋಲಾರದ ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಇದ್ದರೂ ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಸುಮಾರು 40 ದಿನ) ಉಪವಾಸ ಕಷ್ಟವೇನಲ್ಲ. ಕಥೋಲಿಕರಿಗೆ ಕಡ್ಡಾಯ ಉಪವಾಸ ಎರಡೇ ದಿನ, ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೇ), ಅದೂ 18ರಿಂದ 59 ವರ್ಷದವರಿಗೆ. ಆ ದಿನ ಒಂದು ಪೂರ್ತಿ ಊಟ, ಜೊತೆಗೆ ಎರಡು ಸಲ ಸ್ವಲ್ಪ ಏನಾದರೂ ತಿನ್ನಬಹುದು, ಆದರೆ ಆ ಎರಡೂ ಸೇರಿ ಒಂದು ಊಟದಷ್ಟು ಆಗಬಾರದು. ನೈಟ್ ಶಿಫ್ಟಾ? ಹೊರಡುವ ಮುಂಚೆ ಮುದ್ದೆ, ಸೊಪ್ಪಿನ ಸಾರು ಉಂಡುಬಿಡಿ, ಕ್ಯಾಂಟೀನಿನಲ್ಲಿ ಬಾಳೆಹಣ್ಣು ಸಾಕು.

ತಪಸ್ಸುಕಾಲದ ಶುಕ್ರವಾರಗಳಲ್ಲಿ 14 ತುಂಬಿದವರು ಮಾಂಸ ಬಿಡಬೇಕು. ಮೀನು ತಿನ್ನಬಹುದು, ಆದರೆ ಮಟನ್ ಬಿಟ್ಟು ಮೀನು ಫ್ರೈ ಜಾಸ್ತಿ ಹೊಡೆದರೆ ಅದೇನು ತ್ಯಾಗ, ಅಲ್ವಾ? ಶುಗರ್ ಇರುವವರು, ಗರ್ಭಿಣಿಯರು ಸುಮ್ನೆ ಹಠ ಮಾಡಬೇಡಿ. ಶಿಲುಬೆ ಹಾದಿಗೆ (ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಪ್ರಾರ್ಥನೆ) ಚರ್ಚಿಗೆ ಹೋಗಲು ಆಗದಿದ್ದರೆ, ಅದರ 14 ಸ್ಥಳಗಳ ಪ್ರಾರ್ಥನೆಯನ್ನು ಕಂಪನಿ ಬಸ್ಸಿನಲ್ಲೇ ಮೊಬೈಲ್ ನೋಡಿಕೊಂಡು ಹೇಳಿಕೊಳ್ಳಿ.