ಹೈವೇ ಊಟದ ಚಿಂತೆಯೇ? ಟ್ರಕ್ ಸ್ಟಾಪ್‌ನ ಪಂಜಾಬಿ ಢಾಬಾಗಳಿಗೆ ಹೋಗಿ

ಅಮೆರಿಕಕ್ಕೆ ಹೊಸದಾಗಿ ಬಂದವರು ಮೊದಲ ಸಲ ಕಾರಿನಲ್ಲಿ ದೂರ ಹೊರಟಾಗ ನನ್ನನ್ನು ಕೇಳುವುದು ರಸ್ತೆ ಬಗ್ಗೆ ಅಲ್ಲ, ಊಟದ ಬಗ್ಗೆ. ಕೆಲಸ ಬದಲಾಯಿಸಿ ನ್ಯೂಜೆರ್ಸಿಯಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗುವವರು, ಊರಿಂದ ಬಂದ ಅಪ್ಪ ಅಮ್ಮನಿಗೆ ಯೆಲ್ಲೋಸ್ಟೋನ್ ತೋರಿಸಲು ಹೊರಟವರು, ಎಲ್ಲರಿಗೂ ಇದೇ ಚಿಂತೆ. ಸಸ್ಯಾಹಾರಿಗಳಾದರೆ ಇನ್ನೂ ಜಾಸ್ತಿ. ದೊಡ್ಡ ಊರು ದಾಟಿದ ಮೇಲೆ ನೂರಾರು ಮೈಲಿ ಬರೀ ಬರ್ಗರ್, ಫ್ರೈಸ್. ಬೀನ್ಸ್ ಬರಿಟೊ ಆದರೂ ತಿನ್ನೋಣ ಅಂದರೆ ಅದರ ಬೀನ್ಸ್‌ಗೆ ಕೆಲವು ಕಡೆ ಹಂದಿ ಕೊಬ್ಬು ಹಾಕಿರುತ್ತಾರೆ, ಕೇಳಿಯೇ ತಗೋಬೇಕು.

ಆದರೆ ಅದೇ ಹೈವೇಯಲ್ಲಿ, ಲಾರಿಗಳು ನಿಲ್ಲುವ ಜಾಗದಲ್ಲಿ, ಬಿಸಿ ಬಿಸಿ ಪರಾಠ, ದಾಲ್, ಕುದಿಸಿ ಮಾಡಿದ ಚಹಾ ಸಿಗುತ್ತದೆ. ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ.

ಕ್ಯಾಲಿಫೋರ್ನಿಯಾದ ಬಯಲು ಸೀಮೆಗೆ ಪಂಜಾಬಿನ ರೈತರು ಬಂದು ನೂರು ವರ್ಷದ ಮೇಲಾಯಿತು. ಸ್ಟಾಕ್ಟನ್‌ನಲ್ಲಿ ಅವರು 1912ರಲ್ಲೇ ಗುರುದ್ವಾರ ಕಟ್ಟಿದರು. ಆಮೇಲೆ ಬಂದ ತಲೆಮಾರಿನವರು ಬಹಳ ಜನ ಟ್ರಕ್ ಕೆಲಸ ಹಿಡಿದರು. ತಲೆಗೆ ಪೇಟ, ಮುಖಕ್ಕೆ ಗಡ್ಡ ಇಟ್ಟುಕೊಂಡೇ ಮಾಡಬಹುದಾದ ಕೆಲಸ, ಸ್ವಂತ ಟ್ರಕ್ ಇದ್ದರೆ ಯಾರ ಕೈಕೆಳಗೂ ಇರಬೇಕಾಗಿಲ್ಲ. ವಾರಗಟ್ಟಲೆ ರಸ್ತೆಯಲ್ಲೇ ಇರುವ ಇವರಿಗಾಗಿ ಅವರವರೇ ಟ್ರಕ್ ಸ್ಟಾಪ್‌ಗಳಲ್ಲಿ ಅಡುಗೆಮನೆ ತೆರೆದರು. ನಮ್ಮ ತುಮಕೂರು, ಚಿತ್ರದುರ್ಗದ ಕಡೆ ಹೈವೇ ಢಾಬಾಗೆ ನಾವು ಮನೆಯವರೆಲ್ಲ ಸೇರಿ ಊಟಕ್ಕೆ ಹೋಗುತ್ತೇವಲ್ಲ, ಇಲ್ಲಿನವು ಹಾಗಲ್ಲ. ಇವು ಇರುವುದೇ ಡ್ರೈವರ್‌ಗಳಿಗಾಗಿ. ನಾವು ಅಲ್ಲಿಗೆ ಹೋಗುವ ನೆಂಟರು. ಕೆಳಗೆ ಬರೆದಿರುವುದರಲ್ಲಿ ಅರ್ಧ ಇದೇ ಕಾರಣಕ್ಕೆ.

ಮೊದಲು ಜಾಗಗಳು. ಐ-80, ಅಂದರೆ ಇಂಟರ್‌ಸ್ಟೇಟ್ 80 ಹೈವೇಯಲ್ಲಿ ಪೆನ್ಸಿಲ್ವೇನಿಯಾದ ವೈಟ್ ಹೇವನ್, ನೆಬ್ರಾಸ್ಕದ ಓವರ್ಟನ್, ವಯೋಮಿಂಗ್‌ನ ಲಾರಮಿ. ಐ-40ರಲ್ಲಿ ಓಕ್ಲಹೋಮಾದ ಸೇರ್, ಟೆಕ್ಸಾಸ್‌ನಲ್ಲಿ ಅಮರಿಲ್ಲೋ ದಾಟಿದರೆ ವೇಗಾ. ಇವೆಲ್ಲ ಪಂಜಾಬಿ ಊಟಕ್ಕೆ ಡ್ರೈವರ್‌ಗಳ ನಡುವೆ ಹೆಸರಾದ ಊರುಗಳು. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಸುತ್ತಮುತ್ತ ಹುಡುಕುವ ಕಷ್ಟವೇ ಇಲ್ಲ. ಆದರೆ ಮಾಲೀಕರು ಬದಲಾಗುತ್ತಾರೆ, ಅಡುಗೆಯವರು ಊರಿಗೆ ಹೋಗುತ್ತಾರೆ. ಹಾಗಾಗಿ ಹೊರಡುವ ದಿನ ಬೆಳಿಗ್ಗೆ ಫೋನ್ ಮಾಡಿ, ಅಡುಗೆಮನೆ ಎಷ್ಟು ಗಂಟೆವರೆಗೆ ಅಂತ ಕೇಳಿ. ಪೆಟ್ರೋಲ್ ಬಂಕ್ 24 ಗಂಟೆ ತೆರೆದಿದ್ದರೆ ತವಾ ಕೂಡ 24 ಗಂಟೆ ಬಿಸಿ ಇರುತ್ತದೆ ಅಂತಲ್ಲ. ನೆಬ್ರಾಸ್ಕದ ಪಶ್ಚಿಮ ಭಾಗದಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಅದನ್ನೂ ಲೆಕ್ಕ ಹಾಕಿಕೊಳ್ಳಿ.

ಮುಂದೆ ಊಟ ಎಲ್ಲಿದೆ ಅಂತ ತೋರಿಸುವ ಹೈವೇ ಪಕ್ಕದ ನೀಲಿ ಬೋರ್ಡ್ ನೋಡಿಕೊಂಡು ಹೋದರೆ ಸಿಗುವುದು ಕಷ್ಟ. ಅದರಲ್ಲಿ ದೊಡ್ಡ ಕಂಪನಿಗಳ ಗುರುತೇ ಜಾಸ್ತಿ. ಮ್ಯಾಪ್‌ನಲ್ಲಿ 'ಪಂಜಾಬಿ ಢಾಬಾ' ಅಂತ ಹುಡುಕಿ, ಎಕ್ಸಿಟ್ ನಂಬರ್ ಬರೆದಿಟ್ಟುಕೊಳ್ಳಿ. ಓವರ್ಟನ್‌ನದು 248. ಅಂದರೆ ನೆಬ್ರಾಸ್ಕದ ಪಶ್ಚಿಮ ಗಡಿಯಿಂದ ಸುಮಾರು 248 ಮೈಲಿ. ಸಿಗ್ನಲ್ ಇಲ್ಲದ ಕಡೆಯೂ ಇನ್ನೆಷ್ಟು ದೂರ ಅಂತ ಇದರಿಂದ ಗೊತ್ತಾಗುತ್ತದೆ.

ಟ್ರಕ್ ಸ್ಟಾಪ್‌ಗೆ ನುಗ್ಗುವಾಗ ದಯವಿಟ್ಟು ನಿಧಾನ. ಕಾರಿಗೆ ಒಂದು ದಾರಿ, ಟ್ರಕ್‌ಗೆ ಇನ್ನೊಂದು ದಾರಿ ಇರುತ್ತದೆ, ಬೋರ್ಡ್ ನೋಡಿ ತಿರುಗಿಸಿ. 53 ಅಡಿ ಟ್ರೇಲರ್ ಹಿಂದಕ್ಕೆ ತೆಗೆಯುವವನಿಗೆ ನೇರ ಹಿಂದೆ ಏನಿದೆ ಅಂತ ಕಾಣುವುದಿಲ್ಲ. ಮಕ್ಕಳ ಕೈ ಬಿಡಬೇಡಿ. ಎಷ್ಟೇ ಖಾಲಿ ಇದ್ದರೂ ಟ್ರಕ್ ಜಾಗದಲ್ಲಿ ಕಾರು ನಿಲ್ಲಿಸಬೇಡಿ. ಸಂಜೆಯಾದರೆ ಆ ಜಾಗ ಸಿಗದೆ ಡ್ರೈವರ್‌ಗಳು ಪರದಾಡುತ್ತಾರೆ.

ಈಗ ಕೌಂಟರ್ ವಿಷಯ, ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸರಕು ಸಾಗಿಸುವ ಡ್ರೈವರ್ 14 ಗಂಟೆಯೊಳಗೆ 11 ಗಂಟೆ ಮಾತ್ರ ಓಡಿಸಬಹುದು, 8 ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು ತಗೊಳ್ಳಲೇಬೇಕು. ಟ್ರಕ್‌ನೊಳಗಿನ ಎಲೆಕ್ಟ್ರಾನಿಕ್ ಯಂತ್ರ ಇದನ್ನೆಲ್ಲ ಬರೆದಿಡುತ್ತದೆ. ಆ ಅರ್ಧ ಗಂಟೆಯಲ್ಲೇ ಬಾತ್‌ರೂಮು, ಊಟ, ಮನೆಗೊಂದು ಫೋನು. ಅದಕ್ಕೇ ಎಷ್ಟೋ ಡ್ರೈವರ್‌ಗಳು ದಾರಿಯಿಂದಲೇ ಫೋನ್ ಮಾಡಿ ಆರ್ಡರ್ ಹೇಳಿರುತ್ತಾರೆ. ನಿಮ್ಮ ನಂತರ ಬಂದವರಿಗೆ ಮೊದಲು ಊಟ ಕೊಟ್ಟರೆ ಬೇಜಾರು ಮಾಡಿಕೊಳ್ಳಬೇಡಿ. ಕೌಂಟರ್‌ಗೆ ಬರುವ ಮುಂಚೆಯೇ ಮನೆಯವರಿಗೆಲ್ಲ ಏನು ಬೇಕು ಅಂತ ತೀರ್ಮಾನ ಮಾಡಿಕೊಳ್ಳಿ. ಹಿಂದೆ ಯಾರಾದರೂ ಅವಸರದಲ್ಲಿ ನಿಂತಿದ್ದರೆ 'ನೀವು ತಗೊಳ್ಳಿ ಪಾಜಿ' (ಪಂಜಾಬಿಯಲ್ಲಿ ಅಣ್ಣ) ಅಂತ ಬಿಟ್ಟುಕೊಡಿ. ನಮಗೆ ಹತ್ತು ನಿಮಿಷ ದೊಡ್ಡದಲ್ಲ, ಅವರಿಗೆ ದೊಡ್ಡದು.

ಭಾಷೆ ಚಿಂತೆ ಬೇಡ. ಹಿಂದಿ ನಡೆಯುತ್ತದೆ, ಇಂಗ್ಲಿಷೂ ನಡೆಯುತ್ತದೆ. ಅಡುಗೆಮನೆಯಲ್ಲಿ ವಯಸ್ಸಾದ ಹೆಂಗಸರಿದ್ದರೆ ಆಂಟೀಜಿ ಅನ್ನಿ. 'ಸತ್ ಶ್ರೀ ಅಕಾಲ್' ಅಂತ ಒಂದು ಮಾತು ಹೇಳಿದರೆ ಅವರಿಗೂ ಖುಷಿ.

ಏನು ತಗೋಬೇಕು? ನನ್ನ ಮಾತು ಕೇಳಿದರೆ ಪರಾಠ. ಹಿಟ್ಟಿನ ಉಂಡೆಯೊಳಗೆ ಆಲೂ ಅಥವಾ ಗೋಬಿ ತುಂಬಿ, ಲಟ್ಟಿಸಿ, ನಿಮ್ಮ ಕಣ್ಣೆದುರೇ ತವಾ ಮೇಲೆ ಹಾಕುತ್ತಾರೆ. ಅಂಚು ಉಬ್ಬಿದಾಗ ಸೌಟಿನಿಂದ ಒತ್ತುತ್ತಾರೆ, ಹೊಗೆ ಏಳುತ್ತದೆ, ಕಂದು ಮಚ್ಚೆ ಬೀಳುತ್ತದೆ, ಮೇಲೊಂದು ತುಂಡು ಬೆಣ್ಣೆ. ಜೊತೆಗೆ ಮೊಸರು, ಉಪ್ಪಿನಕಾಯಿ. ಒಬ್ಬರಿಗೆ ಎರಡು ಧಾರಾಳ ಸಾಕು, ಅಷ್ಟು ದಪ್ಪ. ಬೆಣ್ಣೆ ಕಮ್ಮಿ ಬೇಕಿದ್ದರೆ ಮೊದಲೇ ಹೇಳಿ. ಅನ್ನ ಬೇಕೇ ಬೇಕು ಅನ್ನುವ ನಮ್ಮ ಹಿರಿಯರಿಗೆ ಕಢಿ-ಚಾವಲ್ ಹೇಳಿ. ಕಡಲೆಹಿಟ್ಟು ಹಾಕಿ ಕುದಿಸಿದ ಹುಳಿ ಮೊಸರು ಅದು, ಥೇಟ್ ನಮ್ಮ ಮಜ್ಜಿಗೆ ಹುಳಿಯ ನೆಂಟ. ರಾಜ್ಮಾ ಕೂಡ ಚೆನ್ನಾಗಿರುತ್ತದೆ. ದೋಸೆ, ಸಾಂಬಾರ್ ಇದೆಯಾ ಅಂತ ಕೇಳಬೇಡಿ. ಮೆನುವಿನಲ್ಲಿ ಇದ್ದರೂ ಅದು ಅವರ ಕೈಯ ಅಡುಗೆ ಅಲ್ಲ. ಚಹಾಕ್ಕೆ 'ಮೀಠಾ ಕಮ್' ಅನ್ನದಿದ್ದರೆ ಸಕ್ಕರೆ ಪಾಕವೇ ಬರುತ್ತದೆ.

ಕಟ್ಟುನಿಟ್ಟಾಗಿ ಸಸ್ಯಾಹಾರ ಪಾಲಿಸುವವರು ಎರಡು ಪ್ರಶ್ನೆ ಕೇಳಿ: ತವಾ ಬೇರೆಯೇ, ಸೌಟು ಬೇರೆಯೇ? ಚಿಕನ್ ಕೂಡ ಮಾಡುವ ಅಡುಗೆಮನೆ ಇದು. ಸುಮ್ನೆ ಅನುಮಾನ ಪಡುತ್ತಾ ಕೂರುವುದಕ್ಕಿಂತ ಕೇಳುವುದು ಒಳ್ಳೆಯದು, ಯಾರೂ ಕೋಪ ಮಾಡಿಕೊಳ್ಳುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರಿಗೆ ಮಾತ್ರ ಕಷ್ಟ. ಮಸಾಲೆ ಮೊದಲೇ ಆಗಿರುತ್ತದೆ. ಸಾದಾ ರೊಟ್ಟಿ, ಮೊಸರಿನಲ್ಲಿ ಸುಧಾರಿಸಬೇಕು, ಇಲ್ಲ ಮನೆಯಿಂದ ಚಟ್ನಿಪುಡಿ ತರಬೇಕು.

ಟೇಬಲ್‌ಗೆ ತಂದು ಕೊಟ್ಟರೆ ಟಿಪ್ ಇಡಿ. ತಿಂದಾದ ಮೇಲೆ ತಟ್ಟೆ ನೀವೇ ಎತ್ತಿ, ಟೇಬಲ್ ಬಿಟ್ಟುಕೊಡಿ.

ಹೊರಡುವಾಗ ಮುಂದಿನ ಹೊತ್ತಿಗೂ ಪರಾಠ ಕಟ್ಟಿಸಿಕೊಳ್ಳಿ. ಫಾಯಿಲ್‌ನಲ್ಲಿ ಸಂಜೆವರೆಗೆ ಚೆನ್ನಾಗಿಯೇ ಇರುತ್ತದೆ. ಚಳಿಗಾಲದಲ್ಲಿ ವಯೋಮಿಂಗ್ ಕಡೆ ಹೋಗುವವರಂತೂ ಇದನ್ನು ಮರೆಯಲೇಬಾರದು. ಲಾರಮಿ ಇರುವುದೇ 7,000 ಅಡಿಗಿಂತ ಎತ್ತರದಲ್ಲಿ. ಅಲ್ಲಿಂದ ರಾಲಿನ್ಸ್‌ವರೆಗಿನ ಐ-80 ಗಾಳಿಗೂ ಹಿಮಕ್ಕೂ ಆಗಾಗ ಮುಚ್ಚುತ್ತದೆ, ಕೆಲವೊಮ್ಮೆ ಗಂಟೆಗಟ್ಟಲೆ, ಕೆಲವೊಮ್ಮೆ ರಾತ್ರಿಯಿಡೀ. ಬಿಲ್ಲು ಕೊಡುವ ಮುಂಚೆ 511ಕ್ಕೆ ಫೋನ್ ಮಾಡಿ ರಸ್ತೆ ತೆರೆದಿದೆಯಾ ನೋಡಿ. ಪಕ್ಕದ ಟೇಬಲ್‌ನ ಡ್ರೈವರ್‌ನನ್ನೂ ಕೇಳಿ, ಆ ಕಡೆಯಿಂದಲೇ ಬಂದಿದ್ದರೆ ರಸ್ತೆ ಹೇಗಿದೆ ಅಂತ ಅವರಷ್ಟು ಸರಿಯಾಗಿ ಹೇಳುವವರು ಇನ್ನೊಬ್ಬರಿಲ್ಲ. ಅವರು ಬೇಡ ಅಂದರೆ ಹೊರಡಬೇಡಿ, ಅಲ್ಲೇ ಊರಲ್ಲಿ ರೂಮ್ ಹಿಡಿಯಿರಿ. ರಸ್ತೆ ಮುಚ್ಚಿದ ಸುದ್ದಿ ಬಂದ ಮೇಲೆ ರೂಮ್‌ಗಳು ಬೇಗ ಭರ್ತಿಯಾಗುತ್ತವೆ.