ಟೇಪಿನ ಹೆಸರಿನ ಬಾಲ ಓದಲು ಕಲಿತದ್ದು: ನನ್ನ ಅನುಭವ

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಹೋದ ವರ್ಷ ಅಟ್ಟ ಖಾಲಿ ಮಾಡುವಾಗ ಸೋದರಮಾವನ ತಗಡಿನ ಪೆಟ್ಟಿಗೆ ಸಿಕ್ಕಿತು. ಮಾವ ಬೆಂಗಳೂರಿನಲ್ಲಿ ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆ ಇದ್ದ ಕಂಪ್ಯೂಟರ್ ವರ್ಕ್‌ಸ್ಟೇಷನ್‌ಗಳಲ್ಲಿ ಕೆಲಸ ಮಾಡಿದವರು. ಒಳಗೆ ಕಂಪ್ಯೂಟರಿನ ಕಡತಗಳನ್ನು ಉಳಿಸಿಡುವ ನಾಲ್ಕು ಟೇಪುಗಳಿದ್ದವು. ಮೂರು ಅಂಗೈಗಿಂತ ದೊಡ್ಡವು, ಒಂದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು.

"ಇದ್ರಲ್ಲಿ ಅಜ್ಜನ ಸ್ವರ ಉಂಟು, ನೋಡು" ಎಂದರು ಮಾವ. ಅಜ್ಜ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ಅವರ ಕ್ಯಾಸೆಟ್ಟನ್ನು ಮಾವ 1995ರಲ್ಲಿ ಸಿಲಿಕಾನ್ ಗ್ರಾಫಿಕ್ಸ್‌ನ ಇಂಡಿ ಯಂತ್ರಕ್ಕೆ ಏರಿಸಿ, ಅಲ್ಲಿಂದ ಟೇಪಿಗೆ ಇಳಿಸಿದ್ದರು. ಕ್ಯಾಸೆಟ್ ಹಾಳಾಗಿ ಎಷ್ಟೋ ವರ್ಷ ಆಯಿತು. ಉಳಿದದ್ದು ಇದೊಂದೇ.

ದೊಡ್ಡ ಮೂರೂ ಕ್ಯುಐಸಿ-150 ಟೇಪು. ಕಾಲು ಇಂಚು ಅಗಲ, ಸುಮಾರು 620 ಅಡಿ ಉದ್ದ, 150 ಎಂಬಿ ಹಿಡಿಯುತ್ತದೆ. ಇದರಲ್ಲಿ 18 ಟ್ರ್ಯಾಕುಗಳು. ಗದ್ದೆ ಉತ್ತ ಹಾಗೆ ಒಂದು ಸಾಲು ಆ ಕಡೆಗೆ, ಮುಂದಿನ ಸಾಲು ಈ ಕಡೆಗೆ. ಹಾಗಾಗಿ ಟೇಪು ಪೂರ್ತಿ ಓದಬೇಕಾದರೆ ಅದು ತುದಿಯಿಂದ ತುದಿಗೆ ಹದಿನೆಂಟು ಸಲ ಓಡಬೇಕು. ಹಳೆಯ ಟೇಪಿಗೆ ಅದೇ ದೊಡ್ಡ ಪರೀಕ್ಷೆ.

ಡ್ರೈವಿಗೆ, ಅಂದರೆ ಟೇಪು ಓದುವ ಯಂತ್ರಕ್ಕೆ, ಹಾಕುವ ಮೊದಲೇ ನಮ್ಮ ಊರಿನ ಮಳೆಯ ಗುರುತು ಕಂಡಿತು. ಕಾರ್ಟ್ರಿಡ್ಜಿನ, ಅಂದರೆ ಟೇಪು ಸುತ್ತಿಟ್ಟ ಕವಚದ, ಮೂಲೆಯಲ್ಲಿ ಓರೆಯಾಗಿ ಕೂರಿಸಿದ ಒಂದು ಪುಟ್ಟ ಕನ್ನಡಿ ಇರುತ್ತದೆ. ಟೇಪಿನ ತುದಿಗಳಲ್ಲಿರುವ ತೂತುಗಳ ಮೂಲಕ ಬರುವ ಬೆಳಕು ಅದರಲ್ಲಿ ಪ್ರತಿಫಲಿಸಿದಾಗ, ಟೇಪು ಮುಗಿಯುತ್ತಾ ಬಂತು ಎಂದು ಡ್ರೈವಿಗೆ ತಿಳಿಯುತ್ತದೆ. ಆ ಕನ್ನಡಿಯ ಮೇಲೆ ಬಿಳಿ ಬೂಷ್ಟು ಕೂತಿತ್ತು. ಈ ಟೇಪಿನ ತುದಿಯನ್ನು ಸುರುಳಿಗೆ ಅಂಟಿಸಿರುವುದಿಲ್ಲ. ತೂತು ಕಾಣದಿದ್ದರೆ ಡ್ರೈವ್ ನಿಲ್ಲದೆ ಎಳೆದು ಟೇಪು ಪೂರಾ ಕಳಚಿಕೊಳ್ಳುತ್ತದೆ. ಹತ್ತಿ ಸುತ್ತಿದ ಕಡ್ಡಿಯಿಂದ ಕನ್ನಡಿ ಒರೆಸಿದೆ. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಎರಡು ವಾರ ಮುಚ್ಚಿಟ್ಟೆ. ಮೂಲೆಯ ತಿರುಪನ್ನು 'ಸೇಫ್' ಕಡೆಗೆ ತಿರುಗಿಸಿದೆ. ಇದು ಮರೆಯಲೇಬಾರದು, ಯಾಕೆಂದರೆ ಬರೆಯುವುದು ತಡೆಯುವ ಬೀಗ ಅದೊಂದೇ.

ಹಳೆಯ ಡ್ರೈವಿನ ರಬ್ಬರ್ ಚಕ್ರ ಕರಗಿ ಅಂಟಾಗಿತ್ತು. ಅದನ್ನು ಕೆರೆದು, ಅದೇ ಅಳತೆಯ ರಬ್ಬರ್ ಕೊಳವೆ ತೊಡಿಸಿದೆ. ಆಮೇಲೆ ಇಂಥ ಡ್ರೈವ್ ಜೋಡಿಸಲು ಬೇಕಾದ ಸ್ಕಸಿ ಕಾರ್ಡಿದ್ದ, ಲಿನಕ್ಸ್ (ಯುನಿಕ್ಸಿನಂಥದೇ ವ್ಯವಸ್ಥೆ) ಇರುವ ಕಂಪ್ಯೂಟರಿಗೆ ಸಿಕ್ಕಿಸಿದೆ.

ಇನ್ನು ಹೆಸರಿನ ವಿಷಯ, ಅಂದರೆ ಕಂಪ್ಯೂಟರ್ ಡ್ರೈವನ್ನು ಕರೆಯುವ ಹೆಸರು. ನಾನು ತಪ್ಪಿದ್ದೂ ಇಲ್ಲೇ.

ಲಿನಕ್ಸಿನಲ್ಲಿ ಒಂದೇ ಡ್ರೈವಿಗೆ 'ಎಸ್‌ಟಿ0', 'ಎನ್‌ಎಸ್‌ಟಿ0' ಎಂದು ಎರಡು ಹೆಸರು. ಮೊದಲನೆಯದರಲ್ಲಿ ಕೆಲಸ ಮುಗಿದ ಕೂಡಲೇ ಟೇಪು ತಾನಾಗಿ ಮೊದಲಿಗೆ ಸುತ್ತಿಕೊಳ್ಳುತ್ತದೆ. ಎರಡನೆಯದರಲ್ಲಿ ಇದ್ದಲ್ಲೇ ನಿಲ್ಲುತ್ತದೆ. ನಾನು ಎಸ್‌ಟಿ0 ಬಳಸಿ ಮೊದಲ ಫೈಲ್ ಓದಿದೆ. ಟೇಪನ್ನು ಹಿಂದೆ ಮುಂದೆ ಓಡಿಸುವ 'ಎಂಟಿ' ಆಜ್ಞೆಯಿಂದ ಒಂದು ಫೈಲ್ ಮುಂದೆ ಹೋಗು ಎಂದೆ, ಮತ್ತೆ ಓದಿದೆ. ಎರಡೂ ಫೈಲಿನ ಗಾತ್ರ ಒಂದೇ, ಒಳಗಿನ ಬೈಟುಗಳೂ ಒಂದೇ. ಆಗ ತಿಳಿಯಿತು: 'ಎಂಟಿ' ಮುಂದೆ ಒಯ್ದದ್ದು ನಿಜ, ಆದರೆ ಅದು ಮುಗಿದ ಕೂಡಲೇ ಟೇಪು ವಾಪಸ್ ಸುತ್ತಿಕೊಂಡಿತ್ತು. ಮೂವತ್ತು ವರ್ಷದ ಟೇಪನ್ನು ಸುಮ್ನೆ ಎರಡು ಸಲ ಎಳೆದಾಡಿಸಿದ್ದಕ್ಕೆ ಮನಸ್ಸಿಗೆ ತುಂಬಾ ಬೇಜಾರಾಯಿತು. ಎನ್‌ಎಸ್‌ಟಿ0 ಬಳಸಿದ ಮೇಲೆ ಒಂದರ ಹಿಂದೆ ಒಂದರಂತೆ ಮೂರು ಫೈಲುಗಳೂ ಬಂದವು.

ಈ 'ಎನ್' ಎಲ್ಲ ಯುನಿಕ್ಸಿನಲ್ಲೂ ಒಂದೇ ಕಡೆ ಇರುವುದಿಲ್ಲ. ಹಳೆಯ ಸನ್‌ಒಎಸ್‌ನಲ್ಲಿ 'ಆರ್‌ಎಸ್‌ಟಿ8', ಸುತ್ತದಿರಲು 'ಎನ್‌ಆರ್‌ಎಸ್‌ಟಿ8'. ಸೋಲಾರಿಸ್‌ನಲ್ಲಿ 'ಆರ್‌ಎಂಟಿ/0', ಕೊನೆಗೆ ಎನ್ ಸೇರಿಸಿದರೆ ಸುತ್ತುವುದಿಲ್ಲ. ಎಚ್‌ಪಿ-ಯುಎಕ್ಸ್‌ನಲ್ಲಿ '0ಎಂ' ಮತ್ತು '0ಎಂಎನ್'. ಎಐಎಕ್ಸ್‌ನಲ್ಲಿ ಅಕ್ಷರವೇ ಇಲ್ಲ, 'ಆರ್‌ಎಂಟಿ0' ಸುತ್ತುತ್ತದೆ, 'ಆರ್‌ಎಂಟಿ0.1' ಸುತ್ತುವುದಿಲ್ಲ.

ಫೈಲುಗಳು ಬಂದವು, ಆದರೆ ಹಲವು ಕಡತಗಳನ್ನು ಒಂದರಲ್ಲೇ ಕಟ್ಟುವ, ಬಿಚ್ಚುವ ಟಾರ್ ಆಜ್ಞೆ ಒಪ್ಪಲಿಲ್ಲ. ಇದು ಟಾರ್ ಕಡತ ಅಲ್ಲ ಎಂದಿತು. ಮಾವ ಟಾರ್ ಬಿಟ್ಟು ಬೇರೇನೂ ಬಳಸಿದವರಲ್ಲ. ಫೈಲಿನ ಮೊದಲ ಸಾಲನ್ನು ಬೈಟು ಬೈಟಾಗಿ ತೆರೆದು ನೋಡಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಜೆ, ಎ, ಎ, ಜೆ ಎಂದಿತ್ತು. ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತೆ. ಎರಡೆರಡು ಅಕ್ಷರ ಅದಲು ಬದಲು ಮಾಡಿದರೆ ಎ, ಜೆ, ಜೆ, ಎ. ಅಜ್ಜ!

ಇಂಡಿಯ ಐರಿಕ್ಸ್ ವ್ಯವಸ್ಥೆಯಲ್ಲಿ ಟೇಪಿನ ಪೂರ್ತಿ ಹೆಸರು 'ಟಿಪಿಎಸ್0ಡಿ4' ಎಂಬಂತೆ ಇರುತ್ತದೆ. ಸೊನ್ನೆ ಕಂಟ್ರೋಲರಿನದು, ನಾಲ್ಕು ಡ್ರೈವಿನದು. ಬಾಲಕ್ಕೆ 'ಎನ್‌ಆರ್' ಸೇರಿದರೆ ಸುತ್ತುವುದಿಲ್ಲ, 'ಎನ್‌ಎಸ್' ಸೇರಿದರೆ ಬೈಟುಗಳನ್ನು ಅದಲು ಬದಲು ಮಾಡುವುದಿಲ್ಲ. ಬಾಲ ಸೇರಿಸದಿದ್ದರೆ ಕ್ಯುಐಸಿ ಟೇಪಿಗೆ ಅದು ಅದಲು ಬದಲು ಮಾಡಿಯೇ ಬರೆಯುತ್ತದೆ. ಅದೇ ಯಂತ್ರದಲ್ಲಿ ಓದಿದರೆ ತಿರುಗಿ ಸರಿಯಾಗುವುದರಿಂದ ಮಾವನಿಗೆ ಅದು ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ. ಬೈಟುಗಳನ್ನು ನಕಲು ಮಾಡುವ 'ಡಿಡಿ' ಆಜ್ಞೆಗೆ ಅದಲು ಬದಲು ಮಾಡುವ 'ಸ್ವ್ಯಾಬ್' ಎಂಬ ಆಯ್ಕೆ ಕೊಟ್ಟು ಫೈಲನ್ನು ಮತ್ತೊಮ್ಮೆ ಹಾಯಿಸಿದೆ. ಟಾರ್ ತಕರಾರಿಲ್ಲದೆ ಬಿಚ್ಚಿತು.

ಟೇಪಿನಿಂದ ನೇರ ಟಾರ್ ಬಿಚ್ಚಲು ಹೋಗಬೇಡಿ ಎನ್ನುವುದು ಇದಕ್ಕೇ. ಮೊದಲು ಇದ್ದದ್ದು ಇದ್ದ ಹಾಗೆ ಡಿಸ್ಕಿಗೆ ಇಳಿಸಿಕೊಳ್ಳಿ. ಗೊಂದಲ ಬಿಡಿಸುವುದು ಆಮೇಲೆ. ಡಿಸ್ಕಿನ ಫೈಲನ್ನು ನೂರು ಸಲ ಓದಬಹುದು, ಟೇಪನ್ನು ಹಾಗೆ ಓದಲು ಆಗುವುದಿಲ್ಲ ಅಲ್ವಾ?

ಸಣ್ಣದು ಡ್ಯಾಟ್ ಟೇಪು, 4 ಮಿಲಿಮೀಟರ್ ಅಗಲ, 90 ಮೀಟರ್, 2 ಜಿಬಿ. ಅದರ ಕಷ್ಟ ಬೇರೆ. ಕ್ಯುಐಸಿ-150ರಲ್ಲಿ ಬ್ಲಾಕು, ಅಂದರೆ ಒಂದು ಸಲಕ್ಕೆ ಬರೆಯುವ ತುಂಡು, ಯಾವಾಗಲೂ 512 ಬೈಟು. ಡ್ಯಾಟಿನಲ್ಲಿ ಬರೆದವರು ಇಟ್ಟದ್ದೇ ಅಳತೆ. ಓದಿದ್ದನ್ನು ತುಂಬಿಕೊಳ್ಳಲು ಬ್ಲಾಕಿಗಿಂತ ಚಿಕ್ಕ ಪಾತ್ರೆ (ಬಫರ್) ಹಿಡಿದರೆ ಲಿನಕ್ಸ್ 'ಮೆಮೊರಿ ಸಿಗಲಿಲ್ಲ' ಎನ್ನುತ್ತದೆ, ನಾವು ಕಂಪ್ಯೂಟರಿನ ಮೆಮೊರಿ ಹುಡುಕುತ್ತಾ ಕೂರುತ್ತೇವೆ. ಬ್ಲಾಕಿನ ಅಳತೆಯನ್ನು ಸೊನ್ನೆಗೆ ಇಟ್ಟು, ಅಂದರೆ ಬಂದಷ್ಟು ತೆಗೆದುಕೋ ಎಂದು ಹೇಳಿ, 256 ಕೆಬಿಯ ದೊಡ್ಡ ಪಾತ್ರೆಯಲ್ಲಿ ಒಂದೇ ಒಂದು ಬ್ಲಾಕ್ ಓದಿಸಿದೆ. 32,768 ಬೈಟು ಬಂತು. ಅದೇ ಅಳತೆ ಹಿಡಿದು ಉಳಿದದ್ದನ್ನೂ ಓದಿದೆ. ಅದರಲ್ಲಿ ಮಾವನ ಕೆಲಸದ ಕಡತಗಳಷ್ಟೇ ಇದ್ದವು.

ಅಜ್ಜನ ಫೈಲು ಒಂದೇ ಚಾನೆಲಿನದು, ಮುಕ್ಕಾಲು ಗಂಟೆ. ಹಾಕಿದಾಗ ಅಡಿಗೆ ಕೋಣೆಯಲ್ಲಿದ್ದ ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತರು. ಕರ್ಣನ ಮಾತು ಮುಗಿಯುವವರೆಗೆ ಕೂರಲಿಲ್ಲ.

ಎರಡನೆಯ ಕಾರ್ಟ್ರಿಡ್ಜ್ ಕೂಡ ಓದಿ ಆಯಿತು. ಮೂರನೆಯದರ ಒಳಗೆ ಟೇಪನ್ನು ಓಡಿಸುವ ಪಟ್ಟಿ ಸಡಿಲವಾಗಿ ಟೇಪಿಗೆ ಅಂಟಿಕೊಂಡಿದೆ. ಬೇರೆ ಕಾರ್ಟ್ರಿಡ್ಜಿನ ಪಟ್ಟಿ ಬಿಚ್ಚಿ ಇದಕ್ಕೆ ಹಾಕಬೇಕು. ಈ ಥಂಡಿಯಲ್ಲಿ ಅದನ್ನು ತೆರೆಯಲು ಧೈರ್ಯವಿಲ್ಲ. ಮಳೆ ಪೂರ್ತಿ ಬಿಟ್ಟು, ಅಂಗಳದಲ್ಲಿ ಅಡಿಕೆ ಒಣಗಲು ಹಾಕುವ ದಿನ ಬರಲಿ ಎಂದು ಡಬ್ಬಿಯಲ್ಲೇ ಇಟ್ಟಿದ್ದೇನೆ.