ಲಿನಕ್ಸ್ ಫೋನ್ ಕೊಳ್ಳುವ ಮುನ್ನ ಕರೆಯ ವಿಷಯ ನೋಡಿಕೊಳ್ಳಿ

ಲಿನಕ್ಸ್ ಫೋನ್, ಅಂದರೆ ಆಂಡ್ರಾಯ್ಡ್ ಬದಲು ಕಂಪ್ಯೂಟರ್‌ಗಳಲ್ಲಿರುವಂಥ ಲಿನಕ್ಸ್ ವ್ಯವಸ್ಥೆಯಲ್ಲಿ ಓಡುವ ಫೋನ್, ಕೊಳ್ಳಬೇಕೆಂದಿರುವವರು ದಯವಿಟ್ಟು ಮೊದಲು ವಿಒಎಲ್‌ಟಿಇ (4ಜಿ ಜಾಲದ ಮೂಲಕವೇ ಕರೆ ಮಾಡುವ) ಸೌಲಭ್ಯ ಇದೆಯೇ ಎಂದು ನೋಡಿ, ಕ್ಯಾಮೆರಾ ಆಮೇಲೆ. 2ಜಿ, 3ಜಿ ಜಾಲಗಳು ಮುಚ್ಚಿರುವ ಕಡೆ ಅದಿಲ್ಲದಿದ್ದರೆ ಇಂಟರ್ನೆಟ್ ಓಡುತ್ತದೆ, ಸಾಮಾನ್ಯ ಕರೆ ಮಾತ್ರ ಹೋಗುವುದಿಲ್ಲ. ಫೋನ್‌ಗಳಿಗಾಗಿಯೇ ಇರುವ ಲಿನಕ್ಸ್ ವ್ಯವಸ್ಥೆ ಪೋಸ್ಟ್‌ಮಾರ್ಕೆಟ್‌ಓಎಸ್‌ನ ವಿಕಿಯಲ್ಲಿ ಅದು ಓಡುವ ಪ್ರತಿ ಮಾದರಿಗೂ ಒಂದು ಪುಟವಿದೆ. ಕರೆ, ಕ್ಯಾಮೆರಾ, ಜಿಪಿಎಸ್‌ಗಳಲ್ಲಿ ಯಾವುದು ಕೆಲಸ ಮಾಡುತ್ತದೆ, ಯಾವುದು ಇಲ್ಲ ಎಂಬುದನ್ನು ಅಲ್ಲಿ ಸಾಲು ಸಾಲಾಗಿ ಓದಿಕೊಳ್ಳಿ.

ಗೌಪ್ಯತೆಯ ದೃಷ್ಟಿಯಿಂದ ನನ್ನ ಮನಸ್ಸು ಗೆದ್ದಿರುವುದು ಲಿಬ್ರೆಮ್ 5 ಎಂಬ ಲಿನಕ್ಸ್ ಫೋನಿನ ಬದಿಯಲ್ಲಿರುವ ಮೂರು ಸ್ವಿಚ್‌ಗಳು. ಒಂದು ಮೊಬೈಲ್ ಜಾಲಕ್ಕೆ ಸಂಪರ್ಕಿಸುವ ಮೋಡೆಮ್‌ಗೆ, ಒಂದು ವೈಫೈ ಮತ್ತು ಬ್ಲೂಟೂತ್‌ಗೆ, ಮತ್ತೊಂದು ಕ್ಯಾಮೆರಾ ಮತ್ತು ಮೈಕ್‌ಗೆ. ಸರಿಸಿದರೆ ಆ ಭಾಗಕ್ಕೆ ವಿದ್ಯುತ್ತೇ ಹರಿಯುವುದಿಲ್ಲ. ಮೂರನ್ನೂ ಆಫ್ ಮಾಡಿದರೆ ಜಿಪಿಎಸ್ ಕೂಡ ನಿಲ್ಲುತ್ತದೆ. ಪೈನ್‌ಫೋನ್ ಎಂಬ ಇನ್ನೊಂದು ಲಿನಕ್ಸ್ ಫೋನ್‌ನಲ್ಲಿಯೂ ಇಂಥ ಸ್ವಿಚ್‌ಗಳಿವೆ, ಆದರೆ ಹಿಂಬದಿಯ ಮುಚ್ಚಳದ ಒಳಗೆ. ಮುಚ್ಚಳ ತೆಗೆದು, ಚೂಪಾದ ವಸ್ತುವಿನ ತುದಿಯಿಂದ ಸರಿಸಬೇಕು. ದಿನಕ್ಕೆ ನಾಲ್ಕು ಬಾರಿ ಮಾಡುವ ಕೆಲಸವಲ್ಲ ಅದು.

ಲಿನಕ್ಸ್ ಒಳಗೇ ಆಂಡ್ರಾಯ್ಡ್ ನಡೆಸುವ ವೇಡ್ರಾಯ್ಡ್ ಎಂಬ ತಂತ್ರಾಂಶ ಹಾಕಿಕೊಂಡರೆ ಲಿನಕ್ಸ್ ಫೋನಿನಲ್ಲೂ ಆಂಡ್ರಾಯ್ಡ್ ಆ್ಯಪ್‌ಗಳು ಓಡುತ್ತವೆ. ಆದರೆ ಹಲವು ಬ್ಯಾಂಕ್ ಆ್ಯಪ್‌ಗಳು ಅದರಲ್ಲಿ ತೆರೆದುಕೊಳ್ಳುವುದೇ ಇಲ್ಲ. ಆದ್ದರಿಂದ ಹಳೆಯ ಫೋನನ್ನು ಕೂಡಲೇ ಮಾರಿಬಿಡಬೇಡಿ. ಒಂದೆರಡು ತಿಂಗಳು ಎರಡನ್ನೂ ಜೊತೆಗಿಟ್ಟುಕೊಂಡು ನೋಡಿ.